ಹಸಿವಿಗೆ ಹೆದರದ ಕಣಗಳನ್ನು ಸಾಕುವ ಗ್ಲೌಸ್ ಅಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಆಸ್ಪತ್ರೆಯ ಹಿಂದಿನ ಗೇಟಿನ ಕಾವಲುಗಾರ ಆಕಳಿಸುತ್ತಲೇ ಕೈ ಎತ್ತುತ್ತಾನೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಿರಬಿರನೆ ಒಳಬಂದು, ನೆಲಮಾಳಿಗೆಯ ಓಣಿಯ ಕೊನೆಯ ಬಾಗಿಲ ಮುಂದೆ ನಿಲ್ಲುತ್ತಾರೆ. ಉಂಗುರ, ಕೈಗಡಿಯಾರ ಕಳಚಿ ಪರ್ಸಿಗೆ ಹಾಕುತ್ತಾರೆ. ಕೂದಲನ್ನು ಟೋಪಿಯೊಳಗೆ ತುರುಕಿ, ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕುತ್ತಾರೆ. ಹಿಂದೆ ನಿಂತ ನನ್ನ ಕಡೆ ತಿರುಗಿ ಅವರು ಆಡುವ ಮೊದಲ ಮಾತು ಒಂದೇ ಪದದ್ದು.

“ಗ್ಲೌಸ್!”

ಈ ಒಂದು ಪದವನ್ನು ಅವರು ಎಷ್ಟು ಜನರ ಮೇಲೆ ಎಷ್ಟು ಸಲ ಕೂಗಿದ್ದಾರೋ, ಅದೇ ಅವರ ಹೆಸರಾಗಿಬಿಟ್ಟಿದೆ. ಈ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಅವರು ಎಲ್ಲರಿಗೂ ಗ್ಲೌಸ್ ಅಕ್ಕ. ದೊಡ್ಡ ಡಾಕ್ಟರಿಗೂ ಅಷ್ಟೇ. ಮೊದಲ ದಿನ ನಾನು “ಮೀಡಿಯಾದಿಂದ ಬಂದಿದೀನಿ” ಎಂದು ಪರಿಚಯ ಹೇಳಿಕೊಂಡಾಗ ಅವರು ಗೊಳ್ಳೆಂದು ನಕ್ಕಿದ್ದರು. “ಇಲ್ಲಿ ಮೀಡಿಯಾ ಅಂದ್ರೆ ಜೀವಕಣಗಳಿಗೆ ಹಾಕೋ ಊಟ. ನಿಮ್ಮನ್ನ ಹಾಕಿದ್ರೆ ಎಲ್ಲಾ ಕೆಟ್ಟು ಕೆರ ಹಿಡಿಯತ್ತೆ, ಅಲ್ಲೇ ನಿಂತ್ಕೊಳ್ಳಿ.”

ಬಾಗಿಲ ಒಳಗೆ ಕಿಟಕಿಯಿಲ್ಲದ ಕೋಣೆ. ಗಾಳಿಯನ್ನು ಸೋಸಿ ಒಳಬಿಡುವ ಯಂತ್ರ ಒಂದೇ ಸಮನೆ ಗೊಣಗುತ್ತದೆ. ಗೋಡೆಗೆ ಒತ್ತಿ ನಿಂತ ಉಕ್ಕಿನ ಪೆಟ್ಟಿಗೆಯೊಂದು ಸದಾ ಮನುಷ್ಯನ ಮೈಯಷ್ಟೇ ಬೆಚ್ಚಗಿರುತ್ತದೆ. ಅಕ್ಕ ಅದರ ಬಾಗಿಲು ತೆರೆದು, ಅಂಗೈಯಗಲದ ಚಪ್ಪಟೆ ಬಾಟಲಿಯೊಂದನ್ನು ತೆಗೆದು ದೀಪಕ್ಕೆ ಹಿಡಿಯುತ್ತಾರೆ. ಒಳಗಿರುವುದು ತಿಳಿಗೆಂಪು ದ್ರವ. ಅದರಲ್ಲಿ ತೇಲುತ್ತಿರುವುದು ಒಬ್ಬ ರೋಗಿಯ ರೋಗನಿರೋಧಕ ಕಣಗಳು. ಅವರ ತೊಡೆಯ ಗೆಡ್ಡೆಯನ್ನು ಕತ್ತರಿಸಿ ತೆಗೆದಾಗ, ಅದರೊಳಗೇ ಸಿಕ್ಕಿಕೊಂಡಿದ್ದ ಕಣಗಳಿವು. ಇವನ್ನು ಹೊರಗೆ ಕೋಟಿಗಟ್ಟಲೆ ಬೆಳೆಸಿ, ಮತ್ತೆ ಅದೇ ರೋಗಿಯ ರಕ್ತಕ್ಕೆ ಸೇರಿಸಬೇಕು. ರೋಗಿ ಯಾರೆಂದು ಅಕ್ಕನಿಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಬಾಟಲಿಯ ಮೇಲಿರುವುದು ಒಂದು ಸಂಕೇತ ಮಾತ್ರ. ಪ್ರಯೋಗದ ಮೂರನೇ ರೋಗಿಯಾದ್ದರಿಂದ ಅಕ್ಕ “ಮೂರನೆಯವರು” ಎನ್ನುತ್ತಾರೆ.

ಬಾಟಲಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗುತ್ತಾರೆ. ಅದನ್ನು ಮೆಲ್ಲಗೆ ಸರಿಸುತ್ತಾ ಮೂಲೆಮೂಲೆ ನೋಡುತ್ತಾರೆ.

“ಸುಸ್ತಾಗಿದಾವೆ,” ಎನ್ನುತ್ತಾರೆ ಕೊನೆಗೆ. “ಚೆನ್ನಾಗಿದ್ರೆ ಗುಂಪು ಕಟ್ಕೊಂಡು ದುಂಡಗಿರ್ತವೆ. ಇವು ಒಂಟೊಂಟಿಯಾಗಿ ಮುದುಡ್ಕೊಂಡಿವೆ. ಅರ್ಧಕ್ಕರ್ಧ ಹೋಗ್ಬಿಟ್ಟಿವೆ.” ಆಮೇಲೆ ಬೆನ್ನು ನೆಟ್ಟಗೆ ಮಾಡಿ, “ಉಳಿದರ್ಧ ಇದೆಯಲ್ಲ” ಎಂದು ಕೆಲಸಕ್ಕೆ ಕೈ ಹಾಕುತ್ತಾರೆ.

ಅವು ಸುಸ್ತಾಗಿರುವುದು ಆಕಸ್ಮಿಕವಲ್ಲ, ಬೇಕೆಂದೇ ಅವಕ್ಕೆ ಸಕ್ಕರೆ ಕಡಿಮೆ ಮಾಡಲಾಗಿದೆ. ಯಾಕೆಂದು ತಿಳಿಯಬೇಕಾದರೆ ಓಣಿಯ ಆಚೆ ಬದಿಯ ಕೋಣೆಗೆ ಹೋಗಬೇಕು. ಬಟ್ಟೆ ಬದಲಿಸದೆ ಅಲ್ಲಿಗೆ ಕಾಲಿಡುವಂತಿಲ್ಲ, ಅಲ್ಲಿಗೆ ಹೋದವರು ಆ ದಿನ ಇಲ್ಲಿಗೆ ಮರಳುವಂತೆಯೂ ಇಲ್ಲ. ಅಲ್ಲಿ ಬೆಳೆಯುತ್ತಿರುವುದು ಕ್ಯಾನ್ಸರ್.

ಆ ಕೋಣೆಯಲ್ಲೂ ಅಂಥದೇ ಪೆಟ್ಟಿಗೆ, ಅಂಥದೇ ಬಾಟಲಿ. ಆದರೆ ನಿನ್ನೆ ಸಂಜೆ ಹಾಕಿದ ಕೆಂಪು ದ್ರವ ಬೆಳಗಾಗುವಷ್ಟರಲ್ಲಿ ಹಳದಿಗೆ ತಿರುಗಿದೆ. ದ್ರವ ಹುಳಿಯಾದರೆ ಅದಕ್ಕೆ ಬೆರೆಸಿರುವ ಬಣ್ಣ ಹಳದಿಯಾಗುತ್ತದೆ. “ನೋಡಿ ಇವರ ಕಥೆ,” ಎನ್ನುತ್ತಾರೆ ಅಕ್ಕ. “ಹಾಕಿದ್ದೆಲ್ಲಾ ಬಳಿದು ತಿಂದು, ಮನೆಯೆಲ್ಲಾ ಹುಳಿ ಮಾಡಿಟ್ಟಿದಾರೆ.”

ಅಕ್ಕ ತಮಾಷೆಯಾಗಿ ಹೇಳಿದ್ದನ್ನೇ ಇಲ್ಲಿನ ಡಾಕ್ಟರಮ್ಮ ವಿವರಿಸುತ್ತಾರೆ. ಗೆಡ್ಡೆಯ ಕಣಗಳು ಸಕ್ಕರೆಯನ್ನು ಗಬಗಬನೆ ತಿನ್ನುತ್ತವೆ. ಪೂರ್ತಿ ಅರಗಿಸಿಕೊಳ್ಳುವ ವ್ಯವಧಾನವಿಲ್ಲದೆ ಅರ್ಧದಲ್ಲೇ ಆಮ್ಲವಾಗಿ ಹೊರಹಾಕುತ್ತವೆ. ಗೆಡ್ಡೆಯ ಮೇಲೆ ಎರಗಲು ಬಂದ ರೋಗನಿರೋಧಕ ಕಣಗಳಿಗೂ ಹೋರಾಡಲು ಸಕ್ಕರೆಯೇ ಬೇಕು. ಅಲ್ಲಿ ಅದು ಸಿಗುವುದಿಲ್ಲ, ಸಿಗುವುದು ಹುಳಿ ಮಾತ್ರ. “ಈಗ ನಾವು ಕೊಡುವ ಇಮ್ಯುನೋಥೆರಪಿ ಔಷಧಿ ಆ ಕಣಗಳನ್ನು ತಡೆದಿಟ್ಟ ಬ್ರೇಕ್ ತೆಗೆಯುತ್ತದೆ,” ಎನ್ನುತ್ತಾರೆ ಡಾಕ್ಟರಮ್ಮ. “ಬ್ರೇಕ್ ತೆಗೆದರೂ ಪೆಟ್ರೋಲ್ ಇಲ್ಲದಿದ್ದರೆ ಗಾಡಿ ಎಲ್ಲಿಗೆ ಹೋಗಬೇಕು? ಔಷಧಿ ಕೆಲವರಿಗೆ ಹತ್ತಿ, ಕೆಲವರಿಗೆ ಹತ್ತದಿರುವುದಕ್ಕೆ ಇದೂ ಒಂದು ಕಾರಣ. ಇದೊಂದೇ ಅಂತ ನಾನು ಹೇಳಲ್ಲ.”

ಹಾಗಾಗಿ ಇಲ್ಲೊಂದು ಪ್ರಯೋಗ ನಡೆದಿದೆ. ರೋಗಿಯ ಕಣಗಳನ್ನು ಹೊರಗೆ ಬೆಳೆಸುವಾಗಲೇ ಅವಕ್ಕೆ ಕಡಿಮೆ ಸಕ್ಕರೆಯಲ್ಲಿ ಬದುಕುವುದನ್ನು, ಕೊಬ್ಬಿನಂಥ ಬೇರೆ ಆಹಾರದಿಂದ ಶಕ್ತಿ ತೆಗೆಯುವುದನ್ನು ರೂಢಿ ಮಾಡಿಸುವುದು. ಗೆಡ್ಡೆಯೊಳಗಿನ ಬರಗಾಲಕ್ಕೆ ಮೊದಲೇ ಸಜ್ಜು ಮಾಡಿ ಕಳಿಸುವುದು. ಯೋಜನೆ ಡಾಕ್ಟರಮ್ಮನದು. ಅದನ್ನು ದಿನಬೆಳಗಾದರೆ ಕೈಯಿಂದ ಮಾಡುವವರು ಗ್ಲೌಸ್ ಅಕ್ಕ.

ಈ ಕೋಣೆಗೆ ಬರುವ ಮೊದಲು ಹದಿನಾರು ವರ್ಷ ಅಕ್ಕ ಇದೇ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ ತೊಳೆಯುತ್ತಿದ್ದರು. ರಕ್ತ ಮೆತ್ತಿದ ಕತ್ತರಿ, ಇಕ್ಕಳಗಳನ್ನು ಉಜ್ಜಿ, ಹಬೆಯ ಯಂತ್ರದಲ್ಲಿ ಬೇಯಿಸಿ, ಬಟ್ಟೆಯಲ್ಲಿ ಸುತ್ತಿಡುವ ಕೆಲಸ. ಗಂಡ ಮೋಟಾರು ರಿಪೇರಿ ಮಾಡುತ್ತಾರೆ. ಮನೆಯಲ್ಲಿ ಇವರಿಬ್ಬರ ಜೊತೆಗಿದ್ದವರು ಅತ್ತೆ. ಮುಂಬಾಗಿಲ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು, ಇಡೀ ಬೀದಿಯ ಬಟ್ಟೆ ಹೊಲಿಯುತ್ತಿದ್ದವರು.

“ನಮ್ಮಿಬ್ಬರಿಗೂ ಎಣ್ಣೆ ಸೀಗೆಕಾಯಿ,” ಎನ್ನುತ್ತಾರೆ ಅಕ್ಕ. “ಸಾರಿಗೆ ಉಪ್ಪು ಜಾಸ್ತಿ ಅಂತ ಅವ್ರು, ಇಲ್ಲ ಅಂತ ನಾನು. ನಮ್ಮನೆಯವರು ತಟ್ಟೆ ಎತ್ಕೊಂಡು ಹೊರಗೆ ಹೋಗಿ ತಿಂತಿದ್ರು. ಆದ್ರೆ ಒಂದು ದಿನ ನಾನು ಕೆಲಸದಿಂದ ಬರೋದು ತಡ ಆದ್ರೆ, ದಾರಿ ತುದೀಲಿ ನಿಂತಿರ್ತಿದ್ರು. ಕೇಳಿದ್ರೆ, ಗಾಳಿಗೆ ಬಂದೆ ಅನ್ನೋರು.”

ಯಂತ್ರ ತುಳಿಯುವ ಬಲಗಾಲಿನ ಹಿಮ್ಮಡಿಯಲ್ಲಿ ಅತ್ತೆಗೆ ಒಂದು ಕಪ್ಪು ಮಚ್ಚೆ ಕಾಣಿಸಿಕೊಂಡಿತು. ತುಳಿದು ತುಳಿದು ರಕ್ತ ಹೆಪ್ಪುಗಟ್ಟಿದೆ ಎಂದುಕೊಂಡರು. ಮಚ್ಚೆ ಅಗಲವಾಗುತ್ತಾ ಅಂಚು ಒಡೆಯಿತು. ಸೊಸೆ ಜಗಳವಾಡಿಯೇ ಆಸ್ಪತ್ರೆಗೆ ಎಳೆದು ತಂದರು. ಚರ್ಮದ ಕ್ಯಾನ್ಸರ್, ತೊಡೆಸಂದಿಗೂ ಶ್ವಾಸಕೋಶಕ್ಕೂ ಹರಡಿತ್ತು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ತೆಗೆದ ಗೆಡ್ಡೆಯಲ್ಲಿ ಒಂದು ತುಂಡನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಡಾಕ್ಟರಮ್ಮ ಬಂದು ಕೇಳಿದರು. ಅತ್ತೆ ಅರೆಗಳಿಗೆ ಯೋಚಿಸಿದರು. “ನನಗೆ ಬೇಡದ್ದು. ನಿಮಗೆ ಬೇಕಾದ್ರೆ ತಗೊಳ್ಳಿ. ಆದ್ರೆ ತಗೊಂಡ ಮೇಲೆ ಮೂಲೇಲಿ ಬಿಸಾಡ್ಬೇಡಿ, ಏನಾದ್ರೂ ಮಾಡಿ.”

ಆಮೇಲೆ ಇಮ್ಯುನೋಥೆರಪಿ ಶುರುವಾಯಿತು. ಪಕ್ಕದ ಹಾಸಿಗೆಯಲ್ಲಿದ್ದ ಶಾಲಾ ಟೀಚರಿಗೂ ಅದೇ ಕಾಯಿಲೆ, ಅದೇ ಔಷಧಿ. ಕೆಲವು ತಿಂಗಳಲ್ಲಿ ಟೀಚರು ಚೇತರಿಸಿಕೊಂಡು ಮನೆಗೆ ಹೊರಟು ನಿಂತರು. ಅತ್ತೆಯ ಗೆಡ್ಡೆಗಳು ಮಾತ್ರ ಜಗ್ಗಲಿಲ್ಲ. ಟೀಚರು ಬಂದು ಕೈ ಹಿಡಿದು ಹೋದ ಸಂಜೆ ಅತ್ತೆ ಸೊಸೆಯನ್ನು ಹತ್ತಿರ ಕರೆದರು.

“ಅದೇ ಬಾಟ್ಲಿ, ಅದೇ ಸೂಜಿ. ಅವಳಿಗೆ ಹತ್ತಿತು, ಒಳ್ಳೇದಾಯ್ತು. ನನಗೆ ಯಾಕೆ ಹತ್ತಲಿಲ್ಲ? ನೀನು ಇಲ್ಲೇ ಕೆಲಸ ಮಾಡೋಳಲ್ವಾ? ಕೇಳ್ಕೊಂಡು ಬಾ.”

ಅಕ್ಕ ಕೇಳಲು ಹೋದರು. ಡಾಕ್ಟರಮ್ಮ ಸಾಗಹಾಕಲಿಲ್ಲ. ಕುರ್ಚಿ ಎಳೆದು ಕೂರಿಸಿ, ಗೆಡ್ಡೆಯ ಹಸಿವು, ಸಕ್ಕರೆ, ಹುಳಿ ಎಲ್ಲವನ್ನೂ ಚಿತ್ರ ಬರೆದು ತೋರಿಸಿದರು. ಇದಕ್ಕೆ ಪರಿಹಾರ ಇನ್ನೂ ನಮ್ಮ ಕೈಯಲ್ಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅಕ್ಕ ವಾರ್ಡಿಗೆ ಮರಳಿ ತನಗೆ ಅರ್ಥವಾದಷ್ಟನ್ನು ಅತ್ತೆಗೆ ಹೇಳಿದರು.

“ಪೂರ್ತಿ ಕೇಳಿಸ್ಕೊಂಡು ನಕ್ಬಿಟ್ರು,” ಎನ್ನುತ್ತಾರೆ ಅಕ್ಕ. “‘ಹೊಟ್ಟೆಬಾಕ ಶನಿ! ಬಂದೋರಿಗೆ ಒಂದು ತುತ್ತೂ ಬಿಡಲ್ಲ ಅಂತೀಯಾ?’ ಅಂದ್ರು. ಆಮೇಲೆ, ‘ಹಾಗಿದ್ರೆ ತಪ್ಪು ನನ್ನದಲ್ಲ’ ಅಂದ್ರು. ಅಲ್ಲೀವರೆಗೂ ತಾನೇ ಏನೋ ಪಥ್ಯ ತಪ್ಪಿದೀನಿ ಅಂತ ಕೊರಗ್ತಿದ್ರಂತೆ. ನಮಗ್ಯಾರಿಗೂ ಹೇಳಿರ್ಲಿಲ್ಲ.”

ಮುಂದಿನ ತಿಂಗಳು ಅತ್ತೆ ತೀರಿಕೊಂಡರು. ಹೊಲಿಗೆ ಯಂತ್ರದ ಮೇಲೆ ತೋಳು ಜೋಡಿಸದ ಕುಪ್ಪಸವೊಂದು ಹಾಗೇ ಉಳಿದಿತ್ತು. ಅದನ್ನು ಪೂರ್ತಿ ಮಾಡಿ ಕೊಡಲು ಹೊಲಿಗೆ ಬಾರದ ಸೊಸೆ ಒಂದು ವಾರ ಒದ್ದಾಡಿದರು. “ತೋಳು ಸೊಟ್ಟಗಾಯ್ತು. ಪಾಪ, ಆ ಹುಡುಗಿ ಏನೂ ಅನ್ನದೆ ಹಾಕ್ಕೊಂಡಳು.”

ಕಣಗಳನ್ನು ಬೆಳೆಸುವ ವಿಭಾಗ ಶುರುವಾದಾಗ, ಶುಚಿತ್ವದಲ್ಲಿ ಪಳಗಿದ ಕೈ ಬೇಕೆಂದು ಡಾಕ್ಟರಮ್ಮ ಹುಡುಕುತ್ತಿದ್ದರು. ಅಕ್ಕ ತಾನಾಗಿಯೇ ಹೋಗಿ ನಿಂತರು. ಉಪಕರಣ ತೊಳೆದ ಕೈಗೆ ಇದೇನು ಮಹಾ ಎಂದುಕೊಂಡಿದ್ದರು. ಆದರೆ ಬೆಂದ ಕತ್ತರಿ ಬೇರೆ, ಉಸಿರಾಡುವ ಕಣ ಬೇರೆ. ಅಭ್ಯಾಸಕ್ಕೆಂದು ಕೊಟ್ಟ ಬಾಟಲಿಗಳು ಒಂದಾದ ಮೇಲೊಂದು ಮಬ್ಬಾಗಿ, ಬೂಸ್ಟು ಹಿಡಿದು ಹಾಳಾದವು. ಮೂರು ತಿಂಗಳು ಬೆಳೆದದ್ದು ಬೂಸ್ಟು ಮಾತ್ರ. ತರಬೇತಿ ಕೊಡುತ್ತಿದ್ದ ತರುಣಿ ಸಂಕೋಚದಿಂದಲೇ, ನಿಮಗೆ ಹಳೇ ಕೆಲಸವೇ ಒಳ್ಳೆಯದಲ್ಲವೇ ಎಂದು ಕೇಳಿಯೂಬಿಟ್ಟಳು.

“ಅವಳು ಹೇಳಿದ್ರಲ್ಲಿ ತಪ್ಪಿರ್ಲಿಲ್ಲ,” ಎನ್ನುತ್ತಾರೆ ಅಕ್ಕ. “ಒಂದು ದಿನ ನನ್ನ ಕೈಯನ್ನ ಅವಳೇ ಫೋನಲ್ಲಿ ವಿಡಿಯೋ ಮಾಡಿ ತೋರಿಸಿದ್ಲು. ಮುಚ್ಚಳ ತೆಗೆದ ಬಾಟ್ಲಿ ಮೇಲಿಂದಾನೇ ಕೈ ದಾಟಿಸ್ತಾ ಇದ್ದೆ. ಇಪ್ಪತ್ತು ಸಲ! ನನಗೆ ಗೊತ್ತೇ ಇರ್ಲಿಲ್ಲ.”

ರೂಢಿ ಬಿಡಿಸಿಕೊಳ್ಳಲು ಅವರು ಮನೆಯ ಅಡುಗೆಕಟ್ಟೆಯ ಮೇಲೆ ಲೋಟಗಳನ್ನು ಸಾಲಾಗಿಟ್ಟು, ಒಂದರ ಮೇಲೂ ಕೈ ಹಾಯದಂತೆ ನೀರು ತುಂಬುವುದನ್ನು ಕಲಿತರು. ಗಂಡ ಎದುರು ಕೂತು ಕಾವಲು. ಕೈ ಹಾದರೆ “ಹೋಯ್ತು!” ಎಂದು ಕೂಗುವುದು ಅವರ ಕೆಲಸ. “ಇಪ್ಪತ್ತೈದು ವರ್ಷ ಸಂಸಾರ ಮಾಡಿದೀನಿ,” ಎನ್ನುತ್ತಾರೆ ಗಂಡ ನಗುತ್ತಾ. “ಇವಳ ತಪ್ಪನ್ನ ಧೈರ್ಯವಾಗಿ ಹೇಳೋ ಅವಕಾಶ ಸಿಕ್ಕಿದ್ದು ಆವಾಗ ಮಾತ್ರ.”

ಕೈ ಪಳಗಿತು. ಆದರೆ ಕೆಲಸ ಕೈಕೊಟ್ಟಿತು. ಪ್ರಯೋಗದ ಮೊದಲ ರೋಗಿಯ ಕಣಗಳು ಬೆಳೆಯಲೇ ಇಲ್ಲ. ಎರಡನೆಯವರ ಕಣಗಳು ಸೊಂಪಾಗಿ ಬೆಳೆದವು. ಚೀಲಕ್ಕೆ ತುಂಬಿ ಮೇಲಿನ ವಾರ್ಡಿಗೆ ಕಳಿಸಬೇಕಾದ ದಿನದ ಹಿಂದಿನ ಸಂಜೆ, ಕಳಿಸುವುದು ಬೇಡವೆಂದು ಫೋನು ಬಂತು. ಯಾಕೆಂದು ಅಕ್ಕ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಅಂದು ಮನೆಗೆ ಹೋಗಿ ಊಟ ಮಾಡದೆ ಮಲಗಿದರು.

“ಮಾರನೇ ದಿನ ಬೆಳಿಗ್ಗೆ ಬಂದ್ರಾ?” ಎಂದು ಕೇಳುತ್ತೇನೆ.

“ಬರದೆ? ಕ್ಯಾನ್ಸರ್ ರಜ ತಗೊಳ್ಳುತ್ತಾ?”

ಹೀಗಿರುವಾಗ ಬಂದದ್ದು ಮೂರನೆಯವರ ಕಣಗಳು. ಮೊದಲೆರಡು ವಾರ ಚೆನ್ನಾಗಿಯೇ ಇದ್ದವು. ಸಕ್ಕರೆ ಇಳಿಸಿದ ಕೂಡಲೇ ಸಾಯತೊಡಗಿದವು. ನಾನು ಕಂಡ ಆ ಮುಂಜಾನೆ ಅರ್ಧದಷ್ಟು ಹೋಗಿದ್ದು ಹೀಗೆ. ಅದೇ ದಿನ ಬೆಳಿಗ್ಗೆ ಡಾಕ್ಟರಮ್ಮ, ತರಬೇತಿ ಕೊಟ್ಟ ತರುಣಿ, ಅಕ್ಕ ಮೂವರೂ ಓಣಿಯಲ್ಲೇ ನಿಂತು ಮಾತಾಡುತ್ತಾರೆ. ಸಕ್ಕರೆಯನ್ನು ಮೊದಲಿನಷ್ಟೇ ಕೊಟ್ಟುಬಿಟ್ಟರೆ ಕಣಗಳು ಉಳಿದಾವು, ಆದರೆ ಗೆಡ್ಡೆಯೊಳಗೆ ಹೋದ ಮೇಲೆ ಮತ್ತದೇ ಗತಿ. ಇಳಿಸುತ್ತಾ ಹೋದರೆ ಒಂದೂ ಉಳಿಯದಿರಬಹುದು. ಮೇಲಿನ ಮಹಡಿಯಲ್ಲಿರುವ ಮನುಷ್ಯನಿಗೆ ಬೇರೆ ದಾರಿಯಿಲ್ಲ.

“ನಾವು ಆತುರಪಟ್ಟೆವು,” ಎಂದು ಡಾಕ್ಟರಮ್ಮ ಒಪ್ಪಿಕೊಳ್ಳುತ್ತಾರೆ. “ಒಂದೇ ಸಲ ಇಳಿಸೋದು ಬೇಡ. ಸ್ವಲ್ಪ ಏರಿಸಿ, ಚೇತರಿಸಿಕೊಂಡ ಮೇಲೆ ದಿನಕ್ಕೆ ಇಷ್ಟಿಷ್ಟೇ ಇಳಿಸೋಣ. ಆದರೆ ಅಕ್ಕ, ದಿನಕ್ಕೆ ಎರಡು ಸಲ ದ್ರವ ಬದಲಿಸಬೇಕು. ಭಾನುವಾರವೂ.”

“ಭಾನುವಾರ ನಮ್ಮನೆಯವರು ಅಡುಗೆ ಮಾಡ್ಲಿ ಬಿಡಿ ಮೇಡಂ,” ಎನ್ನುತ್ತಾರೆ ಅಕ್ಕ. “ಉಪ್ಪು ಜಾಸ್ತಿಯಾದ್ರೂ ತಿಂತೀನಿ.”

ಅಲ್ಲಿಂದ ಮೂರು ವಾರ ನಾನು ಆಗಾಗ ಹೋಗಿ ಬರುತ್ತೇನೆ. ನೋಡುವವರಿಗೆ ಇದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ. ಗಾಜಿನ ಪರದೆಯ ಹಿಂದೆ ಕೈ ಚಾಚಿ, ಹಳೇ ದ್ರವ ಹೀರಿ ತೆಗೆಯುವುದು, ಹೊಸದನ್ನು ಬಾಟಲಿಯ ಗೋಡೆಗುಂಟ ಮೆಲ್ಲಗೆ ಇಳಿಬಿಡುವುದು. ಒಂದು ಹೊತ್ತಿಗೆ ನಲವತ್ತು ಬಾಟಲಿ. ಮಾತಿಲ್ಲ, ಕೆಮ್ಮಿಲ್ಲ, ಮೂಗು ತುರಿಸಿದರೆ ತಡೆದುಕೊಳ್ಳಬೇಕು. ಮುಗಿಸಿ ಎದ್ದಾಗ ಅಕ್ಕನ ಸೊಂಟ ಹಿಡಿದುಕೊಂಡಿರುತ್ತದೆ. ಗೋಡೆಗೆ ಬೆನ್ನು ಒತ್ತಿ ನಿಂತು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಸಂಜೆಯ ಸರದಿಯೂ ಮುಗಿದ ಮೇಲೆ ಬಟ್ಟೆ ಬದಲಿಸಿ, ಎದುರಿನ ಕೋಣೆಯ ಕ್ಯಾನ್ಸರ್ ಕಣಗಳಿಗೂ ಆಹಾರ ಹಾಕಲು ಹೊರಡುತ್ತಾರೆ. ಅವು ಬದುಕಿದ್ದರೆ ತಾನೇ, ಪಳಗಿಸಿದ ಕಣಗಳು ಅವುಗಳೆದುರು ಎಷ್ಟು ಹೊತ್ತು ನಿಲ್ಲುತ್ತವೆಂದು ಪರೀಕ್ಷಿಸಬಹುದು?

ಆ ಬಾಟಲಿಗಳಲ್ಲಿ ಒಂದರಲ್ಲಿ ಅತ್ತೆಯ ಗೆಡ್ಡೆಯ ಕಣಗಳೂ ಇರಬಹುದು. ಯಾವುದೆಂದು ಅಕ್ಕನಿಗೆ ತಿಳಿಯದು. ಕೇಳಿಯೂ ಇಲ್ಲ.

“ಅವರ ಜೀವ ತಿಂದದ್ದಕ್ಕೆ ನಾನೇ ಊಟ ಹಾಕ್ಬೇಕಲ್ಲಾ ಅಂತ ಮೊದಮೊದಲು ಹೊಟ್ಟೆ ಉರೀತಿತ್ತು,” ಎನ್ನುತ್ತಾರೆ. “ಯಾವುದು ಅಂತ ಗೊತ್ತಿದ್ದಿದ್ರೆ ಒಂದಿನ ಕೈ ತಪ್ಪಿ ಬೀಳಿಸ್ಬಿಡ್ತಿದ್ನೋ ಏನೋ. ಗೊತ್ತಿಲ್ದೆ ಇರೋದೇ ಒಳ್ಳೇದಾಯ್ತು. ಎಲ್ಲದಕ್ಕೂ ಒಂದೇ ಸಮ ಬಡಿಸ್ತೀನಿ. ಮೂಲೇಲಿ ಬಿಸಾಡ್ಬೇಡಿ ಅಂದಿದ್ರಲ್ಲ, ಬಿಸಾಡಿಲ್ಲ.”

ಮೂರನೆಯವರ ಕಣಗಳು ಹತ್ತನೇ ದಿನದ ಹೊತ್ತಿಗೆ ಚೇತರಿಸಿಕೊಳ್ಳುತ್ತವೆ. ಸೂಕ್ಷ್ಮದರ್ಶಕಕ್ಕೆ ಬಗ್ಗಿದ ಅಕ್ಕ ಈ ಸಲ ನನ್ನನ್ನೂ ಕರೆದು ತೋರಿಸುತ್ತಾರೆ. ಸಣ್ಣ ಸಣ್ಣ ಗೊಂಚಲುಗಳು. ಸಕ್ಕರೆ ಇಳಿದಷ್ಟೂ ನಿಧಾನವಾಗಿ, ಆದರೆ ಬಿಡದೆ ಬೆಳೆಯುತ್ತಿವೆ. ಎದುರಿನ ಕೋಣೆಯ ಕ್ಯಾನ್ಸರ್ ಕಣಗಳ ಜೊತೆ ಬೆರೆಸಿ ನೋಡಿದಾಗ, ಮಾಮೂಲಿ ಕಣಗಳು ಸೋತು ಸುಮ್ಮನಾದ ಮೇಲೂ ಇವು ಕೆಲಸ ನಿಲ್ಲಿಸುವುದಿಲ್ಲ.

ಅವನ್ನು ಕಳಿಸುವ ದಿನ ಅಕ್ಕ ಎಂದಿಗಿಂತ ಬೇಗ ಬರುತ್ತಾರೆ. ಕಣಗಳೆಲ್ಲ ಸೇರಿ ತುಂಬುವುದು ಒಂದು ಸಣ್ಣ ಚೀಲದಷ್ಟು. ಹಾಲಿಗೆ ನೀರು ಬೆರೆಸಿದಂಥ ಬಣ್ಣ. ಮೇಲಿನ ವಾರ್ಡಿನ ನರ್ಸು ತಣ್ಣನೆಯ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ಕಾಯುತ್ತಾರೆ. ಅಕ್ಕ ಚೀಲವನ್ನು ಎರಡೂ ಕೈಯಲ್ಲಿ ಒಪ್ಪಿಸಿ, “ಮೆಲ್ಲಗೆ ಹೋಗಮ್ಮಾ, ಓಡ್ಬೇಡ” ಎನ್ನುತ್ತಾರೆ. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಅಲ್ಲೇ ನಿಂತಿರುತ್ತಾರೆ. ಅವರ ಕೆಲಸದ ಗಡಿ ಅಲ್ಲಿಗೆ ಮುಗಿಯುತ್ತದೆ.

ಮೇಲೆ ಏನಾಯಿತೆಂದು ನನಗೆ ತಿಳಿದದ್ದು ಆ ರೋಗಿಯಿಂದಲೇ. ಒಪ್ಪಿಗೆ ಕೊಟ್ಟು, ನನ್ನೊಡನೆ ಮಾತಿಗೆ ಸಿಕ್ಕ ಅವರು ಲಾರಿ ಡ್ರೈವರ್. ಚೀಲದ ಕಣಗಳು ಮೈಗೆ ಸೇರಿದ ಮೇಲೆ ವಾರವಿಡೀ ಚಳಿಜ್ವರ, ನಡುಕ. “ಘಾಟಿ ಇಳಿಯೋವಾಗ ಬ್ರೇಕ್ ಫೇಲ್ ಆದ ಹಾಗಿತ್ತು ಸ್ವಾಮಿ,” ಎನ್ನುತ್ತಾರೆ. ಎರಡು ತಿಂಗಳ ನಂತರದ ಸ್ಕ್ಯಾನಿನಲ್ಲಿ ಶ್ವಾಸಕೋಶದ ಗೆಡ್ಡೆಗಳು ಅರ್ಧಕ್ಕಿಂತ ಚಿಕ್ಕವಾಗಿವೆ. ಯಕೃತ್ತಿನಲ್ಲಿರುವ ಒಂದು ಹಾಗೇ ಇದೆ, ಬೆಳೆದಿಲ್ಲ, ಕುಗ್ಗಿಯೂ ಇಲ್ಲ. ಡಾಕ್ಟರಮ್ಮ ಇದನ್ನು ಗೆಲುವೆಂದು ಕರೆಯಲು ಒಪ್ಪುವುದಿಲ್ಲ. ಒಬ್ಬರಿಂದ ಏನೂ ಸಾಬೀತಾಗದು, ಇನ್ನೂ ಹಲವರಲ್ಲಿ ನೋಡಬೇಕು ಎನ್ನುತ್ತಾರೆ.

ಕಳೆದ ವಾರ ನಾನೂ ಅಕ್ಕನೂ ಲಿಫ್ಟಿನಲ್ಲಿದ್ದಾಗ ಎರಡನೇ ಮಹಡಿಯಲ್ಲಿ ಅದೇ ಡ್ರೈವರ್ ಏದುಸಿರು ಬಿಡುತ್ತಾ ಒಳಬರುತ್ತಾರೆ. ನನ್ನ ಗುರುತು ಹಿಡಿದು ನಗುತ್ತಾರೆ. ಅಕ್ಕನ ಪರಿಚಯ ಅವರಿಗಿಲ್ಲ.

“ಎರಡು ಮಹಡಿ ಕಾಲಲ್ಲೇ ಹತ್ತಿದೆ,” ಎನ್ನುತ್ತಾರೆ ಹೆಮ್ಮೆಯಿಂದ. ಆಮೇಲೆ ಅಕ್ಕನ ಕಡೆ ತಿರುಗಿ, “ನನ್ನ ಕಣಗಳನ್ನ ಕೆಳಗೆ ಎಲ್ಲೋ ಉಪವಾಸ ಕೆಡವಿ ಸಾಕಿದ್ರಂತೆ ಅಕ್ಕಾ! ಯಾರು ಅಂತ ಕೇಳಿದ್ರೆ ಹೇಳಲ್ಲ. ನಿಮಗೇನಾದ್ರೂ ಗೊತ್ತಾ?”

ಅಕ್ಕ ಅವರ ಏದುಸಿರನ್ನೇ ಗಮನಿಸುತ್ತಾರೆ. “ಇಲ್ಲಪ್ಪಾ. ಎರಡನೇದರಲ್ಲಿ ಕೂತು ಸುಧಾರಿಸ್ಕೊಂಡ್ರಾ?”

“ಇಲ್ಲ. ನಿಂತೇ ಸುಧಾರಿಸ್ಕೊಂಡೆ.”

“ನಾಳೆಯಿಂದ ಕೂತ್ಕೊಳ್ಳಿ. ಆಮೇಲೆ ಮೂರನೇದು ಹತ್ತಿ.”

ಡ್ರೈವರ್ ತಲೆಯಾಡಿಸಿ ಇಳಿದುಹೋಗುತ್ತಾರೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಅಕ್ಕ ಮೊದಲು “ರೂಲ್ಸು” ಎನ್ನುತ್ತಾರೆ. ಲಿಫ್ಟಿನಿಂದ ಇಳಿದು ಓಣಿಯಲ್ಲಿ ನಾಲ್ಕು ಹೆಜ್ಜೆ ನಡೆದ ಮೇಲೆ ನಿಲ್ಲುತ್ತಾರೆ. ಕಣ್ಣಂಚು ಒದ್ದೆಯಾಗಿದೆ. “ಹೇಳಿದ್ರೆ ಕೈ ಮುಗೀತಾರೆ. ಇವರ ಕೈ ಮುಗಿಸ್ಕೊಂಡ ಮೇಲೆ, ಎರಡನೆಯವರ ಮನೆಯವರಿಗೆ ಏನು ಹೇಳ್ಲಿ? ಹತ್ತಿದ್ದೂ ಹೊತ್ತಿಗೆ ತಲುಪದ್ದೂ ಇದೇ ಕೈಯಲ್ಲಿ ಬೆಳೆದದ್ದು.”

ಈಗ ನಾಲ್ಕನೆಯವರ ಕಣಗಳು ಬಂದಿವೆ. ಐದನೆಯವರೂ ಆರನೆಯವರೂ ಸರದಿಯಲ್ಲಿದ್ದಾರೆ. ಒಬ್ಬರ ಕಣ ಇನ್ನೊಬ್ಬರದರೊಡನೆ ಬೆರೆಯುವ ಭಯವಿರುವುದರಿಂದ, ಒಂದು ಪೆಟ್ಟಿಗೆಯಲ್ಲಿ ಒಬ್ಬರದೇ ಬೆಳೆಸಬೇಕು. ರೋಗಿಗಳ ಕಣಗಳಿಗೆಂದು ಇರುವುದು ಒಂದೇ ಪೆಟ್ಟಿಗೆ. ಅದು ಖಾಲಿಯಾಗುವವರೆಗೆ ಉಳಿದವರು ಕಾಯಬೇಕು, ಅವರ ಗೆಡ್ಡೆಗಳು ಕಾಯುವುದಿಲ್ಲ. ತರುಣಿ ಈಗ ಅಕ್ಕನ ಜೊತೆಗೇ ಕೆಲಸ ಮಾಡುತ್ತಿರುವುದರಿಂದ ಕೈಗಳಿಗೇನೂ ಕೊರತೆಯಿಲ್ಲ.

ನಿಮಗೇನು ಬೇಕು ಎಂದು ಕೇಳಿದರೆ ಅಕ್ಕ ತಡಮಾಡದೆ ಉತ್ತರಿಸುತ್ತಾರೆ. “ಇನ್ನೊಂದು ಪೆಟ್ಟಿಗೆ.”

“ಮೇಲಿನವರನ್ನು ಕೇಳಿದ್ದೀರಾ?”

“ಕೇಳಿದೆ. ನೋಡೋಣ ಅಂದ್ರು.”

“ಮತ್ತೆ?”

ಅಕ್ಕ ಹೊಸ ಗ್ಲೌಸ್ ಎಳೆದುಕೊಂಡು, ಬೆರಳ ಸಂದುಗಳನ್ನು ಒಂದೊಂದಾಗಿ ಒತ್ತಿ ಕೂರಿಸುತ್ತಾರೆ.

“ಮತ್ತೇನು, ನಾಳೆ ಮತ್ತೆ ಕೇಳ್ತೀನಿ. ಅವರಿಗೆ ‘ನೋಡೋಣ’ ಅಂದು ಅಂದು ಬೇಜಾರಾಗ್ಬೇಕು. ನನಗೆ ಕೇಳೋಕೆ ಬೇಜಾರಿಲ್ಲ.”